ರಸ್ತೆಯೇ ಅರ್ಜಿಯ ಹಾಳೆಯಾಗಲಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಒಂದಕ್ಕೊಂದು ಆತುಕೊಂಡಿರುವ ತಾಲ್ಲೂಕುಗಳು. ಹುಣಸೂರಿನ ಗಡಿ ಉಳಿದ ಮೂರಕ್ಕೂ ತಾಗುತ್ತದೆ. ಒಂದೇ ಮುಂಗಾರನ್ನು ನಂಬಿ ಬಿತ್ತುವ, ಹೊಗೆಸೊಪ್ಪಿನ ಬ್ಯಾರನ್ನುಗಳ ಮುಂದೆ ರಾತ್ರಿಯಿಡೀ ಬೆಂಕಿ ಕಾಯುವ, ಪರಸ್ಪರರ ಸಂತೆಗಳಿಗೆ ಹೋಗಿಬರುವ ಜನ ಇಲ್ಲಿನವರು. ಆದರೆ 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಇವರೆಲ್ಲರಿಗೆ ಸೇರಿ ಸಂಸದರು ಮೂವರು. ಹುಣಸೂರು ಮತ್ತು ಪಿರಿಯಾಪಟ್ಟಣ ಮೈಸೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಕೃಷ್ಣರಾಜನಗರ ಮಂಡ್ಯಕ್ಕೆ, ಹೆಗ್ಗಡದೇವನಕೋಟೆ ಚಾಮರಾಜನಗರಕ್ಕೆ. ಒಂದೇ ಸಂಕಟವನ್ನು ಹೇಳಿಕೊಳ್ಳುವುದಕ್ಕೂ ನೆರೆಹೊರೆಯವರು ಮೂರು ಬೇರೆ ಬೇರೆ ಬಾಗಿಲುಗಳನ್ನು ತಟ್ಟಬೇಕಾದ ಪರಿಸ್ಥಿತಿ ಇದು.

ಬಾಗಿಲು ತಟ್ಟುವ ಕೆಲಸವೂ ಸುಲಭದ್ದಲ್ಲ. ಕಾಡಂಚಿನ ಹಾಡಿಯೊಂದರಿಂದ ತಾಲ್ಲೂಕು ಕಚೇರಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಕೈಬಿಟ್ಟಂತೆ. ಅರ್ಜಿ ಬರೆಸಬೇಕು, ಜೆರಾಕ್ಸ್ ಮಾಡಿಸಬೇಕು, ತಪಾಲು ವಿಭಾಗದಲ್ಲಿ ಮೊಹರು ಹಾಕಿಸಿಕೊಳ್ಳಬೇಕು, ಹಿಂಬರಹಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕು. ಮೊಬೈಲ್ ಬಂದ ಮೇಲೆ ಈ ಅಲೆದಾಟ ತಪ್ಪೀತೆಂದು ನಾವೆಲ್ಲ ನಂಬಿದ್ದೆವು. ಒಂದು ಮಟ್ಟಿಗೆ ಅದು ನಿಜವೂ ಆಯಿತು. ಒಡೆದ ನಾಲೆಯ, ಕುಸಿದ ಶಾಲೆಯ ಚಿತ್ರಗಳು ಇಂದು ಕ್ಷಣಮಾತ್ರದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳನ್ನು ಸೇರುತ್ತವೆ. ಸಂದೇಶದ ಕೆಳಗೆ ನೀಲಿ ಗುರುತು ಎರಡು ಬೀಳುತ್ತವೆ. ಸಂಬಂಧಪಟ್ಟವರು ಓದಿದರೆಂದು ತಿಳಿಯುತ್ತದೆ. ಅಲ್ಲಿಗೆ ಮುಗಿಯಿತು. ಒಂದು ಫೋನಿನಿಂದ ಇನ್ನೊಂದು ಫೋನಿಗೆ ಹೋದ ದೂರಿಗೆ ಸಾಕ್ಷಿಗಳಿರುವುದಿಲ್ಲ. ಸಾಕ್ಷಿಗಳಿಲ್ಲದ ದೂರಿಗೆ ಉತ್ತರ ಕೊಡಲೇಬೇಕೆಂಬ ಒತ್ತಡವನ್ನು ಯಾವ ಅಧಿಕಾರಿಯೂ ಅನುಭವಿಸುವುದಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ. ಮೊಬೈಲಿಗೆ ವೇಗವಿದೆ, ಆದರೆ ಅದರಲ್ಲಿ ಬರೆದದ್ದಕ್ಕೆ ಸ್ಥಳವಿಲ್ಲ. ಬೀದಿಗೆ ಸ್ಥಳವಿದೆ, ಆದರೆ ದೂರದ ಹಾಡಿಯವನು ದಿನವೂ ಅಲ್ಲಿಗೆ ಬರಲಾರ. ಇವೆರಡನ್ನೂ ಜೋಡಿಸಬಲ್ಲ ಅತಿ ಅಗ್ಗದ ವಾಹನವೊಂದು ನಮ್ಮ ಹಳ್ಳಿಗಳ ಜಗಲಿಗಳ ಮೇಲೆ ತುಕ್ಕು ಹಿಡಿಯುತ್ತ ನಿಂತಿದೆ. ಅದು ಸೈಕಲ್. ಬರಲಾಗದವನ ಮಾತನ್ನು ಮೊಬೈಲಿನಲ್ಲಿ ಪಡೆದು, ಸೈಕಲ್ಲಿನಲ್ಲಿ ಹೊತ್ತು ತಂದು, ಉತ್ತರಿಸಬೇಕಾದವರ ಕಚೇರಿಯ ಮುಂದಿನ ರಸ್ತೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದರೆ ಆ ಮಾತಿನ ತೂಕವೇ ಬದಲಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ನಾಗರಿಕ ಸಂಘಟನೆಗಳು, ಕಾಲೇಜು ವಿದ್ಯಾರ್ಥಿಗಳು ಮತ್ತು ಕಲಾವಿದರು ಇಂಥದೊಂದು ಪ್ರಯೋಗಕ್ಕೆ ಕೈಹಾಕಬೇಕು ಎಂಬುದು ನನ್ನ ವಿನಂತಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಕಲ್ಪನೆಯೇನಲ್ಲ. 2004ರಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಅಧಿವೇಶನ ನ್ಯೂಯಾರ್ಕಿನಲ್ಲಿ ನಡೆಯಿತು. ಅಲ್ಲಿನ ಪಾರ್ಸನ್ಸ್ ವಿನ್ಯಾಸ ಶಾಲೆಯಲ್ಲಿ ಓದಿದ ಜೋಶುವಾ ಕಿನ್‌ಬರ್ಗ್ ಎಂಬ ಯುವಕ ಆ ಸಂದರ್ಭಕ್ಕೆಂದು ಒಂದು ವಿಚಿತ್ರ ಸೈಕಲ್ ಸಿದ್ಧಪಡಿಸಿದ. ಅದಕ್ಕೆ ಲ್ಯಾಪ್‌ಟಾಪ್ ಇತ್ತು, ಮೊಬೈಲ್ ಸಂಪರ್ಕವಿತ್ತು, ಹಿಂಬದಿಯಲ್ಲಿ ಸೀಮೆಸುಣ್ಣದ ದ್ರಾವಣ ಚಿಮ್ಮಿಸುವ ಡಬ್ಬಿಗಳ ಸಾಲಿತ್ತು. ಎಲ್ಲಿಂದಲೋ ಯಾರೋ ಕಳುಹಿಸಿದ ಸಂದೇಶವನ್ನು ಆ ಸೈಕಲ್ ಚಲಿಸುತ್ತಲೇ ರಸ್ತೆಯ ಮೇಲೆ ಚುಕ್ಕಿಚುಕ್ಕಿಯ ಅಕ್ಷರಗಳಲ್ಲಿ ಬರೆಯಬಲ್ಲದಾಗಿತ್ತು. ನೀರು ಬಿದ್ದರೆ ಅಳಿಸಿಹೋಗುವ ಬರಹ ಅದು. ಆದರೂ ಅಧಿವೇಶನಕ್ಕೆ ಮುನ್ನ ದೂರದರ್ಶನ ವಾಹಿನಿಯೊಂದಕ್ಕೆ ಸಂದರ್ಶನ ನೀಡುತ್ತಿದ್ದಾಗಲೇ ಪೊಲೀಸರು ಆತನನ್ನು ಬಂಧಿಸಿದರು, ಸೈಕಲ್ಲನ್ನು ವಶಪಡಿಸಿಕೊಂಡರು. ಮುಂದೆ ಮೊಕದ್ದಮೆ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಅಧಿವೇಶನವೂ ಮುಗಿದಿತ್ತು.

ಕಥೆ ಇಷ್ಟಕ್ಕೇ ನಿಲ್ಲುವುದಿಲ್ಲ. 2009ರ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಸಮಯದಲ್ಲಿ ಕ್ರೀಡಾ ಪಾದರಕ್ಷೆಗಳ ಬೃಹತ್ ಕಂಪನಿ ನೈಕಿ ಇದೇ ಬಗೆಯ ಯಂತ್ರವೊಂದನ್ನು ಸ್ಪರ್ಧೆಯ ಹಾದಿಗೆ ಇಳಿಸಿತು. ಜನ ಮೊಬೈಲಿನಿಂದ ಕಳುಹಿಸಿದ ಸಂದೇಶಗಳು ಫ್ರಾನ್ಸಿನ ರಸ್ತೆಗಳ ಮೇಲೆ ಹಳದಿ ಅಕ್ಷರಗಳಾಗಿ ಮೂಡಿದವು. ಉದ್ದೇಶ ಕ್ಯಾನ್ಸರ್ ಜಾಗೃತಿ ಎಂದಿದ್ದರೂ ಜಾಹೀರಾತು ಲೋಕ ಅದನ್ನು ಕೊಂಡಾಡಿತು. ಸುಣ್ಣವೂ ಒಂದೇ, ರಸ್ತೆಯೂ ಒಂದೇ. ನಾಗರಿಕನೊಬ್ಬ ಬರೆಯಹೊರಟಾಗ ಅದು ಅಪರಾಧವಾಯಿತು, ಕಂಪನಿ ಬರೆದಾಗ ಸೃಜನಶೀಲತೆಯಾಯಿತು. ರಸ್ತೆಯ ಮೇಲೆ ಬರೆಯುವ ಹಕ್ಕು ಯಾರದು ಎಂಬ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ.

ಆ ಪ್ರಶ್ನೆಯನ್ನು ನಮ್ಮ ಊರುಗಳಿಗೆ ತಂದು ನೋಡೋಣ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯ ಯಾವ ವೃತ್ತದಲ್ಲಿ ನಿಂತರೂ ನನಗೆ ಕಾಣುವುದು ಹುಟ್ಟುಹಬ್ಬದ ಶುಭಾಶಯಗಳ ಫ್ಲೆಕ್ಸ್‌ಗಳು. ಮೇಲೆ ನಾಯಕರ ದೊಡ್ಡ ಮುಖ, ಕೆಳಗೆ ಶುಭ ಕೋರುವವರ ಸಣ್ಣ ಮುಖಗಳ ಸಾಲು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನೂ ನಿಷೇಧಿಸಿತ್ತು ಎಂಬುದನ್ನು ಈ ವೃತ್ತಗಳಲ್ಲಿ ನಿಂತವರು ನಂಬಲಾರರು. ಒಂದು ಕಾಲಕ್ಕೆ ಕುಂಚ ಹಿಡಿದು ಗೋಡೆ ಬರೆಯುತ್ತಿದ್ದವರ ಕಸುಬನ್ನು ಫ್ಲೆಕ್ಸ್ ಮುದ್ರಣ ನುಂಗಿತು. ಅದರೊಂದಿಗೆ ಇನ್ನೂ ಒಂದು ನಷ್ಟವಾಯಿತು. ಕೈಬರಹದ ಗೋಡೆಯಲ್ಲಿ ಬಡವನಿಗೂ ಜಾಗವಿತ್ತು. ಒಂದು ಡಬ್ಬಿ ಕೆಮ್ಮಣ್ಣು ಸಾಕಾಗಿತ್ತು. ಫ್ಲೆಕ್ಸಿನಲ್ಲಿ ದುಡ್ಡಿದ್ದವನಿಗೆ ಮಾತ್ರ ಜಾಗ.

ಬೀದಿಯ ಮೇಲಿನ ಬರಹ ನಮಗೆ ಹೊಸದಲ್ಲ. ನಮ್ಮ ಹೆಣ್ಣುಮಕ್ಕಳು ಪ್ರತಿದಿನ ಬೆಳಗಾದರೆ ಮನೆಯ ಮುಂದಿನ ನೆಲವನ್ನು ಸಾರಿಸಿ ರಂಗೋಲಿ ಇಡುತ್ತಾರೆ. ಸಂಜೆಯ ಹೊತ್ತಿಗೆ ಅದು ಅಳಿದಿರುತ್ತದೆ, ಮರುದಿನ ಹೊಸದು ಮೂಡುತ್ತದೆ. ಇದನ್ನು ಯಾರೂ ಸಾರ್ವಜನಿಕ ಸ್ಥಳವನ್ನು ಕೆಡಿಸುವ ಕೃತ್ಯವೆಂದು ಕರೆದಿಲ್ಲ. ಜಾತ್ರೆಗಳಲ್ಲಿ ರಂಗೋಲಿ ಕೊಳವೆಯೊಂದು ಮಾರಾಟಕ್ಕಿರುತ್ತದೆ. ಮೈತುಂಬ ತೂತುಗಳಿರುವ ಆ ಕೊಳವೆಗೆ ಪುಡಿ ತುಂಬಿ ನೆಲದ ಮೇಲೆ ಉರುಳಿಸಿದರೆ ಬಳ್ಳಿಯ ಸಾಲು ತಾನಾಗಿ ಮೂಡುತ್ತದೆ. ಕಿನ್‌ಬರ್ಗನ ಯಂತ್ರದ ತತ್ವವೂ ಹೆಚ್ಚುಕಡಿಮೆ ಇದೇ. ಬಳ್ಳಿಯ ಬದಲು ಅಕ್ಷರಗಳ ತೂತು ಕೊರೆದ ಇಂಥ ಕೊಳವೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುವುದಕ್ಕೆ ಯಾವ ವಿದೇಶಿ ತಂತ್ರಜ್ಞಾನವೂ ಬೇಕಿಲ್ಲ. ಊರಿನ ವೆಲ್ಡಿಂಗ್ ಅಂಗಡಿ ಸಾಕು.

ರಾಜಕೀಯ ಬರಹಕ್ಕೂ ನಮ್ಮಲ್ಲಿ ದೊಡ್ಡ ಪರಂಪರೆಯಿದೆ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಹಳ್ಳಿಗಳ ಪ್ರವೇಶದಲ್ಲಿ ನೆಟ್ಟ ಫಲಕಗಳನ್ನು ಹಿರಿಯ ಓದುಗರು ಮರೆತಿರಲಾರರು. ಅನುಮತಿಯಿಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹೇಳಿದ ಆ ಫಲಕಗಳು ರೈತನ ಬೆನ್ನುಮೂಳೆಯನ್ನು ನೇರಗೊಳಿಸಿದವು. ದಲಿತ ಸಂಘರ್ಷ ಸಮಿತಿಯ ಗೋಡೆಬರಹಗಳು ಕೇರಿಯಾಚೆಗೂ ಕೇರಿಯ ದನಿಯನ್ನು ಕೊಂಡೊಯ್ದವು. ಸಮುದಾಯ ತಂಡ 1979ರಲ್ಲಿ ರಾಜ್ಯದುದ್ದಕ್ಕೂ ನಡೆಸಿದ ಜಾಥಾ ಬೀದಿನಾಟಕವನ್ನು ಕನ್ನಡದ ಮನೆಮಾತಾಗಿಸಿತು. ಬಿಹಾರದ ಹತ್ಯಾಕಾಂಡವನ್ನು ಕುರಿತ ‘ಬೆಲ್ಚಿ’ಯನ್ನು ಜನ ಬೀದಿಯಲ್ಲಿ ನಿಂತೇ ನೋಡಿದರು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ ನಿರಾಶ್ರಿತರು ಮಾರ್ಚ್ 10ರ ಬಂಡಾಯದ ನೆನಪನ್ನು ಬೀದಿಯಲ್ಲೇ ಆಚರಿಸುತ್ತ ಬಂದಿದ್ದಾರೆ. 2005ರ ಏಪ್ರಿಲ್‌ನಲ್ಲಿ ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಟಿಬೆಟನ್ ಕವಿ ತೆಂಜಿನ್ ಸುಂಡೂ ಅಲ್ಲಿನ ಗೋಪುರವೇರಿ ಬ್ಯಾನರ್ ಬಿಡಿಸಿದ್ದೂ ಇದೇ ಪರಂಪರೆಗೆ ಸೇರಿದ್ದು. ಅಧಿಕಾರದ ಕಣ್ಣಿಗೆ ಬೀಳುವ ಜಾಗವನ್ನು ಆರಿಸಿಕೊಳ್ಳುವುದೇ ಇವುಗಳೆಲ್ಲದರ ಮರ್ಮ.

ಸೈಕಲ್ಲಿಗೂ ಅದರದೇ ರಾಜಕೀಯವಿದೆ. ಮೇಲ್ಜಾತಿಯವರ ಬೀದಿಯಲ್ಲಿ ದಲಿತನೊಬ್ಬ ಸೈಕಲ್ ಏರಿ ಹೋಗುವುದನ್ನೇ ಸಹಿಸದ ಊರುಗಳು ನಮ್ಮ ದೇಶದಲ್ಲಿದ್ದವು. 1983ರಲ್ಲಿ ಕಾನ್ಶಿರಾಮ್ ಉತ್ತರ ಭಾರತದ ಹಲವು ರಾಜ್ಯಗಳಲ್ಲಿ ಸೈಕಲ್ ಯಾತ್ರೆ ನಡೆಸಿದಾಗ ಆ ಅಪಮಾನಕ್ಕೂ ಒಂದು ಉತ್ತರ ಸಿಕ್ಕಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನ ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಕಲಿಸಿತು. ಅಲ್ಲಿನ ಸಾವಿರಾರು ಬಡ ಹೆಂಗಸರು ಗಂಡನ ಅಥವಾ ಮಗನ ದಾರಿ ಕಾಯದೆ ಸಂತೆಗೂ ಸಭೆಗೂ ಹೋಗಲು ಕಲಿತರು. ಕರ್ನಾಟಕದಲ್ಲಿ 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಮಕ್ಕಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಪ್ರೌಢಶಾಲೆಯ ಹಾದಿಯನ್ನು ಹತ್ತಿರವಾಗಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತುಹೋಯಿತು. ವಿಚಿತ್ರವೆಂದರೆ, 2017ರ ಜೂನ್‌ನಲ್ಲಿ ಮೈಸೂರು ನಗರದಲ್ಲಿ 450 ಸೈಕಲ್ಲುಗಳೊಂದಿಗೆ ‘ಟ್ರಿಣ್ ಟ್ರಿಣ್’ ಯೋಜನೆ ಆರಂಭವಾದಾಗ ಸೈಕಲ್ ಆಧುನಿಕತೆಯ, ಆರೋಗ್ಯದ ಗುರುತಾಯಿತು. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ತಾಲ್ಲೂಕುಗಳಲ್ಲಿ ಅದು ಇನ್ನೂ ಬಡತನದ ಗುರುತಾಗಿಯೇ ಉಳಿದಿದೆ.

ಬೀದಿಯ ಕಲೆ ಮತ್ತು ಮೊಬೈಲ್ ಸೇರಿದರೆ ಏನಾಗುತ್ತದೆಂಬುದನ್ನು ನಮಗೆ ತೋರಿಸಿಕೊಟ್ಟವರು ಮೈಸೂರಿನವರೇ ಆದ ಕಲಾವಿದ ಬಾದಲ್ ನಂಜುಂಡಸ್ವಾಮಿ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಅವರು 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ನಿಜವೆನ್ನಿಸುವ ಮೊಸಳೆಯನ್ನು ಮಲಗಿಸಿದರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಸುದ್ದಿಯಲ್ಲಿ ದೇಶವೇ ಮುಳುಗಿದ್ದಾಗ, ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ವೇಷದ ವ್ಯಕ್ತಿಯೊಬ್ಬ ಚಂದ್ರನ ಮೇಲೆ ನಡೆದಂತೆ ನಡೆಯುವ ದೃಶ್ಯವನ್ನು ಚಿತ್ರೀಕರಿಸಿದರು. ಆಟೋ ಒಂದು ಪಕ್ಕದಲ್ಲಿ ಹಾದುಹೋದಾಗಲೇ ಅದು ಚಂದ್ರನಲ್ಲ, ಬೆಂಗಳೂರು ಎಂದು ನೋಡುಗರಿಗೆ ತಿಳಿಯುತ್ತಿತ್ತು. ಎರಡೂ ಸಲ ಪಾಲಿಕೆ ಎಚ್ಚೆತ್ತು ರಸ್ತೆ ದುರಸ್ತಿಗೆ ಮುಂದಾಯಿತು. ವರ್ಷಗಟ್ಟಲೆ ಅರ್ಜಿಗಳು ಮಾಡದ ಕೆಲಸವನ್ನು ಒಂದು ಮೊಸಳೆ ಮಾಡಿತು.

ಆದರೆ ಈ ಯಶಸ್ಸಿನೊಳಗೇ ಒಂದು ಮಿತಿಯೂ ಅಡಗಿದೆ. ಬೆಂಗಳೂರಿನ ಗುಂಡಿಗೆ ಕ್ಯಾಮೆರಾಗಳು ಹತ್ತಿರದಲ್ಲಿರುತ್ತವೆ. ಸುದ್ದಿವಾಹಿನಿಗಳ ಕಚೇರಿಗಳೂ ಅಲ್ಲೇ ಇರುತ್ತವೆ. ಹೆಗ್ಗಡದೇವನಕೋಟೆಯ ಹಾಡಿಯ ದಾರಿಯಲ್ಲಿ ಮೊಸಳೆ ಮಲಗಿಸಿದರೆ ನೋಡುವವರು ಯಾರು? ನಗರದ ಬೀದಿಕಲೆ ಒಬ್ಬ ಪ್ರತಿಭಾವಂತನ ಕಲ್ಪನೆಯನ್ನು ನೆಚ್ಚಿಕೊಂಡಿರುತ್ತದೆ, ಒಂದು ವಾರ ಚರ್ಚೆಯಾಗಿ ಮರೆಯಾಗುತ್ತದೆ. ತಾಲ್ಲೂಕುಗಳಿಗೆ ಬೇಕಾದದ್ದು ವಾರವಾರವೂ ನಡೆಯಬಲ್ಲ, ಯಾರು ಬೇಕಾದರೂ ಪಾಲ್ಗೊಳ್ಳಬಲ್ಲ, ಸದ್ದಿಲ್ಲದ ಒಂದು ರೂಢಿ.

ಇಲ್ಲಿನವರಿಗೆ ಬರೆಯುವುದಕ್ಕೇನು ಕಡಿಮೆಯೇ? ಹೊಗೆಸೊಪ್ಪನ್ನೇ ತೆಗೆದುಕೊಳ್ಳಿ. 1975ರ ಕಾಯ್ದೆಯಂತೆ ರಚನೆಯಾದ ತಂಬಾಕು ಮಂಡಳಿಯ ಕೇಂದ್ರ ಕಚೇರಿ ಇರುವುದು ದೂರದ ಗುಂಟೂರಿನಲ್ಲಿ. ಎಷ್ಟು ಬೆಳೆಯಬೇಕು, ಯಾವ ಬ್ಯಾರನ್ನಿಗೆ ಪರವಾನಗಿ, ಮಿತಿ ಮೀರಿದ ಸೊಪ್ಪಿಗೆ ಎಷ್ಟು ದಂಡ ಎಂಬುದೆಲ್ಲ ಮಂಡಳಿಯ ತೀರ್ಮಾನಕ್ಕೆ ಒಳಪಟ್ಟದ್ದು. 1984ರಿಂದ ಕರ್ನಾಟಕದಲ್ಲಿ ಹರಾಜು ಪದ್ಧತಿ ಜಾರಿಯಲ್ಲಿದೆ. ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಬೇಲ್ ಹೊತ್ತು ತಂದ ರೈತ ಖರೀದಿದಾರರು ಬೆಲೆ ಕೂಗದಿದ್ದರೆ ಅದನ್ನು ಮತ್ತೆ ಹೊತ್ತೊಯ್ಯಬೇಕು. ಪಕ್ಕದ ಮಾರುಕಟ್ಟೆಯಲ್ಲಿ ನಿನ್ನೆ ಅದೇ ದರ್ಜೆಯ ಸೊಪ್ಪಿಗೆ ಎಷ್ಟು ಸಿಕ್ಕಿತೆಂಬುದು ಮೊಬೈಲಿನಿಂದ ಮೊಬೈಲಿಗೆ ಪಿಸುಮಾತಾಗಿ ಹೋಗುತ್ತದೆ. ಅದನ್ನೇ ಪ್ರತಿದಿನ ಮುಂಜಾನೆ ಹರಾಜು ಕಟ್ಟೆಯ ಗೇಟಿನ ಮುಂದೆ ದೊಡ್ಡ ಅಕ್ಷರಗಳಲ್ಲಿ ಬರೆದರೆ, ಎಷ್ಟು ಬೇಲುಗಳು ಬೆಲೆಯಿಲ್ಲದೆ ಮರಳಿದವೆಂಬ ಲೆಕ್ಕವನ್ನೂ ಅದರ ಕೆಳಗೆ ಸೇರಿಸಿದರೆ, ಬೇಲ್ ಇಳಿಸುವ ಪ್ರತಿಯೊಬ್ಬನೂ ಖರೀದಿಸುವ ಪ್ರತಿಯೊಬ್ಬನೂ ಅದನ್ನು ಓದಿಯೇ ಒಳಗೆ ಹೋಗಬೇಕಾಗುತ್ತದೆ.

ಕಾಡಂಚಿನ ಕಥೆ ಇನ್ನೂ ಹಳೆಯದು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟು, ಆನಂತರ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಣೆ, ಹೀಗೆ ಒಂದರ ಹಿಂದೊಂದು ಬಂದ ಯೋಜನೆಗಳು ಜೇನುಕುರುಬರನ್ನೂ ಬೆಟ್ಟಕುರುಬರನ್ನೂ ಎತ್ತಂಗಡಿ ಮಾಡಿದವು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಸಲ್ಲಿಸಿದ ವರದಿಯಲ್ಲಿ ನಾಗರಹೊಳೆಯಿಂದ ಹೊರದಬ್ಬಲ್ಪಟ್ಟ 3,418 ಕುಟುಂಬಗಳನ್ನು ಗುರುತಿಸಿತು. ಆ ವರದಿಯ ಎಷ್ಟು ಶಿಫಾರಸುಗಳು ಜಾರಿಯಾದವು, ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಎಷ್ಟು ಮಂದಿಯ ಹೆಸರಿಗೆ ಹಕ್ಕುಪತ್ರ ಬಂತು, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಎಷ್ಟು ಅರ್ಜಿಗಳು ಇನ್ನೂ ಕಡತದಲ್ಲಿವೆ ಎಂಬ ಮೂರು ಅಂಕಿಗಳನ್ನು ತಾಲ್ಲೂಕು ಕಚೇರಿಯ ಮುಂದೆ ಪ್ರತಿ ತಿಂಗಳೂ ಬರೆದರೆ ಅದಕ್ಕಿಂತ ಒಳ್ಳೆಯ ಬೀದಿಕಲೆ ಬೇರೊಂದಿಲ್ಲ. ಈ ಜನ ಹೋರಾಡಿ ಗೆದ್ದ ಚರಿತ್ರೆಯೂ ಇದೆ. ನಾಗರಹೊಳೆಯ ಕಾಡಿನೊಳಗೆ ದೊಡ್ಡ ಹೋಟೆಲ್ ಸಂಸ್ಥೆಯೊಂದು ವಿಲಾಸಿ ತಂಗುದಾಣ ತೆರೆಯಹೊರಟಾಗ ಆದಿವಾಸಿಗಳು ಅದನ್ನು ವಿರೋಧಿಸಿ ನಿಂತರು. 1997ರ ಜನವರಿಯಲ್ಲಿ ಹೈಕೋರ್ಟ್ ತೀರ್ಪು ಅವರ ಪರವಾಗಿ ಬಂತು. ಕೃಷ್ಣರಾಜನಗರದ ಕಡೆಗೆ ಬಂದರೆ, ಚುಂಚನಕಟ್ಟೆಯ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿದ್ದಾಗ ಕಬ್ಬು ಬೆಳೆಗಾರರು ಪಟ್ಟ ಪಾಡು ಪ್ರತಿ ಚುನಾವಣೆಯಲ್ಲೂ ಭಾಷಣದ ವಸ್ತುವಾಯಿತು. ಭಾಷಣ ಗಾಳಿಗೆ ಹೋಗುತ್ತದೆ. ಕಾರ್ಖಾನೆಯ ಗೇಟಿನ ಮುಂದೆ ದಿನಾಂಕ ಸಹಿತ ಬರೆದಿಟ್ಟ ಭರವಸೆ ಹಾಗೆ ಹೋಗುವುದಿಲ್ಲ.

ಇದನ್ನು ನಡೆಸುವ ಬಗೆ ಹೇಗೆ? ಮೊದಲನೆಯದಾಗಿ, ಬರೆಯಲು ಬಾರದವರು ಮಾತಾಡಲಿ. 2010ರಲ್ಲಿ ಛತ್ತೀಸಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಮತ್ತು ಸಂಗಡಿಗರು ಆರಂಭಿಸಿದ ಸಿಜಿನೆಟ್ ಸ್ವರ ಇದಕ್ಕೆ ಮಾದರಿ. ಆದಿವಾಸಿಗಳು ಸಾಧಾರಣ ಮೊಬೈಲಿನಿಂದ ಕರೆ ಮಾಡಿ ತಮ್ಮ ದೂರನ್ನು ತಮ್ಮದೇ ನುಡಿಯಲ್ಲಿ ಹೇಳುತ್ತಿದ್ದರು. ಸಂಪಾದಕರು ಅದನ್ನು ಪರಿಶೀಲಿಸಿದ ಮೇಲೆ ಇತರರು ಕರೆ ಮಾಡಿ ಕೇಳಬಹುದಾಗಿತ್ತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಅಕ್ಷರವೂ ಬೇಕಿರಲಿಲ್ಲ. ನಮ್ಮ ಸರಗೂರಿನಲ್ಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಲ್ಲಿ ‘ಜನಧ್ವನಿ’ ಸಮುದಾಯ ಬಾನುಲಿಯನ್ನು ಆರಂಭಿಸಿದೆ. ಸ್ಥಳೀಯರ ದನಿಯನ್ನು ಸ್ಥಳೀಯರೇ ಬಿತ್ತರಿಸಬಲ್ಲರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಾಡಿಯಿಂದ ಬಂದ ಕರೆಯನ್ನು ತಾಲ್ಲೂಕಿನ ಐದಾರು ಮಂದಿಯ ತಂಡ ಕೇಳಲಿ. ಅದರಲ್ಲಿ ಒಬ್ಬ ಶಿಕ್ಷಕರು, ಒಬ್ಬ ವಕೀಲರು, ಹಾಡಿಯದೇ ಒಬ್ಬ ಹೆಣ್ಣುಮಗಳು ಇರಲಿ. ಸತ್ಯಾಸತ್ಯತೆಯನ್ನು ವಿಚಾರಿಸಿದ ನಂತರ ಇಪ್ಪತ್ತು ಪದಗಳಿಗೆ ಮೀರದಂತೆ ಅದನ್ನು ಬರೆದುಕೊಡಲಿ. ಸಂತೆಯ ದಿನ ಸೈಕಲ್ ಸವಾರರು ಅದನ್ನು ಸುಣ್ಣದ ಪುಡಿಯಲ್ಲಿ ಸಂಬಂಧಿಸಿದ ಕಚೇರಿಯ ಮುಂದೆ ಬರೆಯಲಿ.

ಎರಡನೆಯದಾಗಿ, ಪ್ರತಿ ಬರಹಕ್ಕೂ ಮೂರು ಲಕ್ಷಣಗಳಿರಲಿ: ಊರಿನ ಹೆಸರು, ದಿನಾಂಕ, ಯಾವ ಕಚೇರಿ ಉತ್ತರಿಸಬೇಕೆಂಬ ಉಲ್ಲೇಖ. ಅದರ ಕೆಳಗೆ ಒಂದಷ್ಟು ಖಾಲಿ ಜಾಗ ಬಿಡಬೇಕು, ಅದು ಹಿಂಬರಹಕ್ಕೆ. ಅಧಿಕಾರಿಯೊಬ್ಬರು ಕೆಲಸ ಆಗಿದೆ ಎಂದೋ ಇಂಥ ಕಾರಣಕ್ಕೆ ಆಗದೆಂದೋ ಹೇಳಿದರೆ ಅದನ್ನೂ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಒಳ್ಳೆಯ ಅಧಿಕಾರಿಗಳಿಗೆ ಇದರಿಂದ ಗೌರವವೇ ಹೆಚ್ಚುತ್ತದೆ. ಉತ್ತರ ಬಾರದಿದ್ದರೆ ಆ ಖಾಲಿ ಜಾಗವೇ ಮಾತಾಡುತ್ತದೆ. ಬರಹವಾದ ಮೇಲೆ ಅದರ ಚಿತ್ರ ತೆಗೆದು ದೂರಿತ್ತವರ ಮೊಬೈಲಿಗೆ ಕಳುಹಿಸಬೇಕು. ತನ್ನ ಮಾತು ಪೇಟೆಯ ನಡುವೆ ನಿಂತಿದೆ, ಹತ್ತು ಜನ ಓದುತ್ತಿದ್ದಾರೆ ಎಂಬ ಅರಿವು ಪೌರತ್ವದ ಮೊದಲ ಪಾಠ.

ಆಕ್ಷೇಪಗಳಿಲ್ಲದಿಲ್ಲ. ಎಲ್ಲಕ್ಕಿಂತ ಗಂಭೀರವಾದದ್ದು ದ್ವೇಷದ ಪ್ರಶ್ನೆ. ಬೀದಿಯನ್ನು ಬರಹಕ್ಕೆ ತೆರೆದರೆ ವಿಷವನ್ನೂ ಬರೆಯಲಾರರೇ? ಮೊಬೈಲ್ ಸಂದೇಶಗಳ ವದಂತಿಯಿಂದ 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ತೊರೆದು ರೈಲು ಹತ್ತಿದ್ದನ್ನು ನಾವು ಕಂಡಿದ್ದೇವೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸುಳ್ಳು ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಪ್ರಾಣ ತೆಗೆಯಿತು. ಹುಣಸೂರಿನಲ್ಲಿ 2017ರ ಡಿಸೆಂಬರ್‌ನಲ್ಲಿ ಹನುಮ ಜಯಂತಿ ಮೆರವಣಿಗೆಯ ಹಾದಿಯ ವಿಚಾರವಾಗಿ ಎದ್ದ ಉದ್ವಿಗ್ನತೆ ಬೀದಿಯೆಂಬುದು ಎಷ್ಟು ಸೂಕ್ಷ್ಮವಾದ ಜಾಗವೆಂಬುದನ್ನು ನೆನಪಿಸುತ್ತದೆ. ನಾನು ಈ ಆತಂಕವನ್ನು ತಳ್ಳಿಹಾಕುವುದಿಲ್ಲ. ಆದರೆ ಆ ವದಂತಿಗಳೆಲ್ಲ ಹೆಸರಿಲ್ಲದ, ಊರಿಲ್ಲದ, ದಿನಾಂಕವಿಲ್ಲದ ಸಂದೇಶಗಳಾಗಿದ್ದವು ಎಂಬುದನ್ನು ಗಮನಿಸಬೇಕು. ಕತ್ತಲಲ್ಲಿ ಹರಡಿದ್ದರಿಂದಲೇ ಅವುಗಳಿಗೆ ಬಲ ಬಂದದ್ದು. ಪರಿಶೀಲನೆಯಾದ, ಊರಿನ ಹೆಸರು ಹೊತ್ತ, ವ್ಯಕ್ತಿ ಅಥವಾ ಸಮುದಾಯವನ್ನು ಗುರಿಯಾಗಿಸದೆ ಕಚೇರಿಯನ್ನಷ್ಟೇ ಪ್ರಶ್ನಿಸುವ, ಹಗಲು ಹೊತ್ತಿನ ಬರಹಕ್ಕೆ ಆ ಬಲವಿಲ್ಲ, ಇರಬೇಕಾದ್ದೂ ಇಲ್ಲ.

ಕಾನೂನಿನ ಆಕ್ಷೇಪವೂ ಉಂಟು. ತೆರೆದ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯ್ದೆಯಿದೆ. ಅದು ಫ್ಲೆಕ್ಸ್‌ಗಳನ್ನು ತೆಗೆಸುವುದರಲ್ಲಿ ತೋರದ ಉತ್ಸಾಹವನ್ನು ಬಡವನ ಸುಣ್ಣದ ಗೆರೆಯ ಮೇಲೆ ತೋರಬಾರದು. ಸರ್ಕಾರವೇ ಗೋಡೆಬರಹವನ್ನು ಒಪ್ಪಿಕೊಂಡ ಉದಾಹರಣೆಗಳಿವೆ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರ ದಶಕದಲ್ಲಿ ಕಾಮಗಾರಿಗಳ ಲೆಕ್ಕವನ್ನು ಜನರ ಮುಂದೆ ಓದಿ ಹೇಳಿದ ಆಂದೋಲನವೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು. ಆ ಕಾಯ್ದೆಯ ನಾಲ್ಕನೇ ಸೆಕ್ಷನ್ ಮಾಹಿತಿಯನ್ನು ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ, ಅದಕ್ಕೆ ಸೂಚನಾ ಫಲಕಗಳನ್ನೂ ಮಾಧ್ಯಮವೆಂದು ಹೆಸರಿಸುತ್ತದೆ. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯಡಿ ಕೂಲಿಕಾರರ ಹೆಸರು ಮತ್ತು ದುಡಿದ ದಿನಗಳನ್ನು ಪಂಚಾಯಿತಿ ಗೋಡೆಗಳ ಮೇಲೆ ಬರೆಸುವ ಪದ್ಧತಿ ಬಂತು. ಆಡಳಿತ ಬರೆಯಬಹುದಾದರೆ ಪ್ರಜೆಯೂ ಬರೆಯಬಹುದು.

ಸೈಕಲ್ಲಿನ ಕಾಲ ಮುಗಿಯಿತೆನ್ನುವವರಿಗೆ ಒಂದು ಮಾತು. ಮನೆಮನೆಗೆ ಬೈಕ್ ಬಂದಿದೆ ನಿಜ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದದ್ದೂ ಸ್ವಾಗತಾರ್ಹವೇ. ಆದರೆ ಬಸ್ಸೇ ಬಾರದ ಹಾಡಿಗೆ ಉಚಿತ ಟಿಕೆಟ್ ಉಪಯೋಗಕ್ಕೆ ಬಾರದು. ಬೈಕಿಗೆ ಪೆಟ್ರೋಲ್ ಬೇಕು, ಪೆಟ್ರೋಲಿಗೆ ದುಡ್ಡು ಕೊಡುವವರು ಬೇಕು, ದುಡ್ಡು ಕೊಟ್ಟವರ ಮಾತು ಕೇಳಬೇಕು. ಚುನಾವಣೆಯ ಬೈಕ್ ರ್‍ಯಾಲಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೈಕಲ್ ಯಾರ ಹಂಗಿಗೂ ಬೀಳುವುದಿಲ್ಲ. ಅದರ ನಿಧಾನವೂ ಒಂದು ಗುಣವೇ. ದಾರಿಯಲ್ಲಿ ನಿಲ್ಲಿಸಿ ಮಾತಾಡಿಸಲು ಜನ ಹಿಂಜರಿಯುವುದಿಲ್ಲ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗ್ರಾಮಸಭೆಗಳು ನಿರ್ಣಯ ಮಾಡಿ ಪ್ರತಿ ಪಂಚಾಯಿತಿ ಕಚೇರಿಯ ಮುಂದೆ ಹತ್ತು ಅಡಿ ನೆಲವನ್ನೂ ಒಂದು ಗೋಡೆಯನ್ನೂ ಪ್ರಜೆಗಳ ಬರಹಕ್ಕೆಂದು ಮೀಸಲಿಡಲಿ. ತಾಲ್ಲೂಕು ಆಡಳಿತಗಳು ತಮ್ಮ ಆವರಣದಲ್ಲೂ ಹಾಗೆಯೇ ಮಾಡಲಿ. ಮೈಸೂರಿನ ಕಲಾ ವಿದ್ಯಾರ್ಥಿಗಳು ರಜೆಯಲ್ಲಿ ಒಂದು ವಾರ ಬಂದು ಅಕ್ಷರದ ಅಚ್ಚುಗಳನ್ನು ಮಾಡಿಕೊಡಲಿ. ಸರ್ಕಾರ ಶಾಲಾ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಕೈಬಿಡದಿರಲಿ. ಹುಣಸೂರಿನವರೇ ಆದ ದೇವರಾಜ ಅರಸರು ಭೂಸುಧಾರಣೆಯ ಮೂಲಕ ಉಳುವವನಿಗೆ ಹೊಲದ ಮೇಲೆ ಹಕ್ಕು ಕೊಡಿಸಿದರು. ಅದೇ ಜನ ತಮ್ಮ ಊರಿನ ರಸ್ತೆಯ ಮೇಲೆ ಒಂದು ವಾಕ್ಯ ಬರೆಯುವ ಹಕ್ಕನ್ನು ಕೇಳುತ್ತಿದ್ದಾರೆಂದುಕೊಳ್ಳೋಣ. ಮಳೆ ಬಂದರೆ ಆ ವಾಕ್ಯ ಅಳಿಸಿಹೋಗುತ್ತದೆ. ಅಷ್ಟರೊಳಗೆ ಉತ್ತರ ಬರೆಯುವುದು ಆಡಳಿತದ ಕೆಲಸ.